ಹೆಸರು ಬರೆಸದವರ ಆಸ್ಪತ್ರೆ

ನಮ್ಮ ಅಡುಗೆಮನೆಯ ಕಿಟಕಿಯ ದಂಡೆಯ ಮೇಲೆ ಒಂದು ಗಾಜಿನ ಶೀಸೆ ಇದೆ. ಈಗ ಅದರಲ್ಲಿ ಮಂಡಿಗೆ ಹಚ್ಚಿಕೊಳ್ಳುವ ಹರಳೆಣ್ಣೆ ತುಂಬಿಟ್ಟಿದ್ದೇನೆ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಅದರ ಒಂದು ಮಗ್ಗುಲಲ್ಲಿ ಹಳೆಯ ಅಂಟಿನ ಗುರುತು, ಗರಗಸದ ಹಲ್ಲಿನ ಹಾಗೆ ಏರಿಳಿಯುವ ಒಂದು ಗೆರೆ, ಇಂದಿಗೂ ಕಾಣುತ್ತದೆ. ನಿಮ್ಮಲ್ಲಿ ವಯಸ್ಸಾದವರಿಗೆ ಅದೇನೆಂದು ಥಟ್ಟನೆ ಹೊಳೆದೀತು. ಆಗ ಸರ್ಕಾರಿ ಆಸ್ಪತ್ರೆಗೆ ಹೋಗುವವರು ಶೀಸೆಯನ್ನು ಮನೆಯಿಂದಲೇ ಒಯ್ಯಬೇಕಿತ್ತು. ಕಾಂಪೌಂಡರ್ ದೊಡ್ಡ ಜಾಡಿಯಿಂದ ಕೆಂಪು ನೀರನ್ನು ಬಗ್ಗಿಸಿ ತುಂಬಿ, ಒಂದು ಕಾಗದದ ಪಟ್ಟಿಯನ್ನು ಕತ್ತರಿಯಲ್ಲಿ ಹಲ್ಲುಹಲ್ಲಾಗಿ ಕತ್ತರಿಸಿ ಹೊರಗಡೆ ಅಂಟಿಸಿಕೊಡುತ್ತಿದ್ದ. ಒಂದು ಹೊತ್ತಿಗೆ ಒಂದು ಹಲ್ಲು. ಓದು ಬಾರದವರಿಗೂ ತಪ್ಪು ಆಗದ ಲಿಪಿ ಅದು. ಐದನೇ ತರಗತಿಗೆ ಸ್ಲೇಟು ಕೆಳಗಿಟ್ಟ ನನ್ನಂಥವನಿಗೆ ಆ ಲಿಪಿಯ ಮೇಲೆ ಈಗಲೂ ಗೌರವವಿದೆ.

ಶೀಸೆ ನನ್ನ ಅವ್ವನದು. ಆಸ್ಪತ್ರೆಗೆ ಹೊರಟಾಗ ಅವಳು ಅದನ್ನು ಬೂದಿ ಹಚ್ಚಿ ತೊಳೆದು, ಸೆರಗಿನ ಒಳಗೆ ಕಂಕುಳಿಗೆ ಸಿಕ್ಕಿಸಿಕೊಂಡು, ಕೈಬೀಸಿ ನಡೆಯುತ್ತಿದ್ದಳು. ದಾರಿಯಲ್ಲಿ ಯಾರಾದರೂ ಕಂಡು "ಎಲ್ಲಿಗೆ ಹೊರಟ್ರಿ?" ಎಂದರೆ "ಸೀಮೆಎಣ್ಣೆಗೆ" ಎನ್ನುವಳು. ಸೀಮೆಎಣ್ಣೆಗೆ ಹೋಗುವುದರಲ್ಲಿ ಅವಮಾನವಿಲ್ಲ, ಅದಕ್ಕೆ ಕಾಸು ಕೊಡುತ್ತೇವಲ್ಲ. ಆಸ್ಪತ್ರೆಯದು ಧರ್ಮದ ಔಷಧ. ಧರ್ಮಕ್ಕೆ ಸಿಕ್ಕಿದ್ದನ್ನು ಕುಡಿದು ಗುಣವಾದೆವೆಂದು ನಾಲ್ಕು ಜನರ ಬಾಯಲ್ಲಿ ಬರುವುದಕ್ಕಿಂತ ಒಂದೆರಡು ದಿನ ಹೆಚ್ಚು ಕೆಮ್ಮುವುದೇ ಮೇಲು ಎಂಬುದು ಅವಳ ಮತ. ಮಗನಿಗೆ ಅವಳು ಬಿಟ್ಟುಹೋದ ಆಸ್ತಿಯಲ್ಲಿ ಶೀಸೆಯೂ ಇತ್ತು, ಈ ಮತವೂ ಇತ್ತು. ಶೀಸೆ ಮಾತ್ರ ಒಡೆಯಬಹುದಾದ ವಸ್ತು.

ನಾನು ಮರಗಸಿಯವನು. ಕಾಫಿ ತೋಟದ ನೆರಳು ಮರಗಳನ್ನು ಏರಿ, ಗಿಡಕ್ಕೆ ಎಷ್ಟು ಬೆಳಕು ಬೇಕೋ ಅಷ್ಟು ಬೀಳುವ ಹಾಗೆ ಕೊಂಬೆ ತೆಗೆಯುವ ಕೆಲಸಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ಹದಿಮೂರನೇ ವಯಸ್ಸಿಗೆ ಸೊಂಟಕ್ಕೆ ಕತ್ತಿ ಕಟ್ಟಿದವನು, ಮೂಡಿಗೆರೆಯಿಂದ ಕಳಸದವರೆಗೆ ನಾನು ಹತ್ತದ ಎಸ್ಟೇಟು ಕಡಿಮೆ. ಮೂವತ್ತು ದಾಟುವಷ್ಟರಲ್ಲಿ ಮೇಸ್ತ್ರಿಯಾಗಿ ಇಪ್ಪತ್ತು ಆಳುಗಳ ಹಾಜರಿ ಕೂಗುವಂತಾದೆ. ಯಾರ ಮುಂದೆಯೂ ಕೈ ಚಾಚಲಿಲ್ಲ. ಕಳಸದ ರಸ್ತೆಯ ಬದಿಯಲ್ಲಿ ನನ್ನ ಕೈಯಾರೆ ಕಟ್ಟಿದ ಎರಡು ಕೋಣೆಯ ಮನೆ, ಅದರಲ್ಲಿ ನಾನು ಮತ್ತು ಸುಶೀಲ. ನಮಗೆ ಮಕ್ಕಳಾಗಲಿಲ್ಲ. ಇದನ್ನೆಲ್ಲ ಜಂಬಕ್ಕೆ ಹೇಳುತ್ತಿಲ್ಲ. ಸ್ವಲ್ಪ ಜಂಬಕ್ಕೂ ಇರಬಹುದು. ಮುಂದೆ ಹೇಳಲಿರುವ ತಪ್ಪು ಆ ಜಂಬದ್ದೇ ಆದ್ದರಿಂದ ಅದನ್ನು ಮೊದಲೇ ನಿಮಗೆ ಪರಿಚಯಿಸಿಬಿಡುವುದು ಒಳ್ಳೆಯದು.

ನಮ್ಮ ಮನೆಯಿಂದ ಕೂಗಳತೆಯಲ್ಲಿ ಸರ್ಕಾರದ ಆರೋಗ್ಯ ಕೇಂದ್ರ. ಶೀಟಿನ ಸೂರು, ಮುಂದೆ ಒಂದು ಜಗುಲಿ, ಜಗುಲಿಗೆ ಹೆಸರು ಬರೆಸುವ ಕಿಟಕಿ, ಹಿಂದೆ ಡಾಕ್ಟರ ಕ್ವಾಟ್ರಸ್ಸು. ತೊಂಬತ್ತರ ದಶಕದ ಆರಂಭದಲ್ಲಿ ಅಲ್ಲಿಗೆ ಬಯಲುಸೀಮೆಯ ಆಚೆಯಿಂದ ಡಾಕ್ಟರ್ ಪಾಟೀಲರು ಬಂದರು. ಮಳೆಗೆ ಹೆದರಿ ಮೊದಲ ವರ್ಷ ಎರಡೆರಡು ಕೊಡೆ ಹಿಡಿದು ನಡೆಯುತ್ತಿದ್ದ ಮನುಷ್ಯ. ಮೂರನೇ ವರ್ಷಕ್ಕೆ ನಮ್ಮ ಹಾಗೆಯೇ ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು, ಎಸ್ಟೇಟಿನ ಕೂಲಿಗಳು ಇರುವ ಲೈನ್‌ಮನೆಗಳಿಗೆ ಹೋಗಿ ಹೆರಿಗೆ ಮಾಡಿಸಿ ಬರುವಂತಾದರು. ಅವರ ಜೊತೆ ಸಿಸ್ಟರ್ ಫಿಲೋಮಿನ. ಈಕೆ ಘಟ್ಟದ ಕೆಳಗಿನವರು, ಊರಿನ ಅರ್ಧ ಮಕ್ಕಳಿಗೆ ಸೂಜಿ ಚುಚ್ಚಿದವರು. ಇಂದಿಗೂ ಅವರನ್ನು ಕಂಡರೆ ಮೀಸೆ ಬಂದ ಗಂಡಸರು ತೋಳು ಸವರಿಕೊಳ್ಳುತ್ತಾರೆ.

ಸುಶೀಲಳಿಗೆ ಉಬ್ಬಸವಿತ್ತು. ಆರಿದ್ರಾ ಮಳೆ ಹಿಡಿದರೆ ಅವಳ ಎದೆಯೊಳಗೆ ಸಣ್ಣ ಸೀಟಿಯೊಂದು ಶುರುವಾಗಿ ದೀಪಾವಳಿಯ ತನಕ ನಿಲ್ಲುತ್ತಿರಲಿಲ್ಲ. ಪಾಟೀಲರ ಕೈಗುಣಕ್ಕೆ ಅದು ಬಗ್ಗಿತು. ಆದರೆ ಅವರಲ್ಲಿಗೆ ನಾವು ಹೋಗುತ್ತಿದ್ದ ಬಗೆಯನ್ನು ನೀವು ಕೇಳಬೇಕು. ಆಸ್ಪತ್ರೆ ತೆರೆಯುವುದು ಬೆಳಿಗ್ಗೆ ಒಂಬತ್ತಕ್ಕೆ. ಆ ಹೊತ್ತಿಗೆ ಜಗುಲಿಯಲ್ಲಿ ನಿಂತು, ಕಿಟಕಿಯಲ್ಲಿ ಹೆಸರು, ಗಂಡನ ಹೆಸರು, ವಯಸ್ಸು, ಊರು, ಕೊನೆಗೆ ಕಾಯಿಲೆ, ಇಷ್ಟನ್ನೂ ಕೂಗಿ ಹೇಳಿ ದೊಡ್ಡ ಪುಸ್ತಕದಲ್ಲಿ ಬರೆಸಿ ಚೀಟಿ ಪಡೆಯಬೇಕು. ಅಲ್ಲಿ ಯಾರು ನಿಂತಿರುತ್ತಾರೆ? ನಾನು ಹಾಜರಿ ಕೂಗುವ ಆಳುಗಳು. ಅವರ ಎದುರಿಗೆ ನನ್ನ ಹಾಜರಿಯನ್ನು ಇನ್ನೊಬ್ಬರು ಕೂಗುವುದೆಂದರೇನು! ಹಾಗಾಗಿ ನಾನು, ನನ್ನ ಹಾಗೆಯೇ ಅಂಗಡಿಯವರು, ಎಸ್ಟೇಟಿನ ಲೆಕ್ಕ ಬರೆಯುವ ರೈಟರು, ನಾಲ್ಕೆಕರೆ ಎಂಟೆಕರೆಯ ಬೆಳೆಗಾರರು, ಎಲ್ಲರೂ ಸಂಜೆ ಐದರ ಮೇಲೆ ಕ್ವಾಟ್ರಸ್ಸಿನ ಜಗುಲಿಗೇ ಹೋಗುತ್ತಿದ್ದೆವು. ದೇವರು, ಗುರು, ವೈದ್ಯ ಈ ಮೂವರ ಬಳಿಗೆ ಬರಿಗೈಯಲ್ಲಿ ಹೋಗಬಾರದೆಂಬ ಮಾತಿದೆಯಲ್ಲ, ಅದಕ್ಕಾಗಿ ಒಂದು ಹಿಡಿ ಕಾಳುಮೆಣಸೋ, ಒಂದು ಚಿಪ್ಪು ಬಾಳೆಹಣ್ಣೋ. ಅವರು ದುಡ್ಡು ಮುಟ್ಟುವವರಲ್ಲ. ಬಾಳೆಹಣ್ಣನ್ನೂ ಮರುದಿನ ಲೈನ್‌ಮನೆಯ ಮಕ್ಕಳಿಗೆ ಹಂಚುತ್ತಿದ್ದರಂತೆ. ನಮಗೆ ಅದು ಬೇಕಾಗಿಯೂ ಇರಲಿಲ್ಲ. ಕೊಟ್ಟೆವು ಎಂಬುದಷ್ಟೇ ನಮಗೆ ಬೇಕಿತ್ತು.

ಆ ಜಗುಲಿಯಲ್ಲಿ ಸುಶೀಲಳ ಬೆನ್ನಿಗೆ ಕೊಳವೆಯಿಟ್ಟು ಕೇಳಿ, ಯಾವ ಮಾತ್ರೆ ಎಷ್ಟು ದಿನವೆಂದು ಬಾಯಲ್ಲಿ ಹೇಳಿ, ಪ್ರತಿ ಸಲವೂ ಅವರು ಒಂದೇ ಮಾತನ್ನು ಸೇರಿಸುತ್ತಿದ್ದರು: "ಮಂಜಯ್ಯನವರ, ನಾಳೆ ಮುಂಜಾನೆ ದವಾಖಾನಿಗೆ ಬಂದು ಹೆಸರ ಬರಸ್ರಿ. ಮಾತ್ರೆನೂ ಅಲ್ಲೇ ಸಿಗತಾವ. ಪುಸ್ತಕದಾಗ ಹೆಸರಿಲ್ಲಂದ್ರ ಈ ತಾಯಿಗೆ ಜಡ್ಡೇ ಇಲ್ಲ ಅಂತ ಸರಕಾರ ತಿಳಕೋತದ."

"ಆಗಲಿ ಡಾಕ್ಟ್ರೇ," ಎನ್ನುತ್ತಿದ್ದೆ.

ಮರುದಿನ ಕಳಸದ ಮೆಡಿಕಲ್ ಅಂಗಡಿಯಲ್ಲಿ ಕಾಸು ಕೊಟ್ಟು ಮಾತ್ರೆ ತರುತ್ತಿದ್ದೆ. ಸುಶೀಲ ಒಂದೆರಡು ಸಲ, "ನಾನೇ ಹೋಗಿ ಬರೆಸ್ತೀನಿ ಬಿಡಿ, ನಂಗೆಂತ ನಾಚ್ಕೆ?" ಎಂದಳು. "ಮೇಸ್ತ್ರಿ ಹೆಂಡ್ತಿ ಧರ್ಮದ ಮಾತ್ರೆಗೆ ಸಾಲಲ್ಲಿ ನಿಂತಳು ಅನ್ನಿಸ್ಬೇಕಾ?" ಎಂದು ನಾನು ಬಾಯಿ ಮುಚ್ಚಿಸಿದೆ. ಅವಳು ಮುಚ್ಚಿದಳು. ಅವಳ ಎದೆಯ ಸೀಟಿ ಮಾತ್ರ ಸ್ವಲ್ಪ ಹೊತ್ತು ನನಗೆ ಎದುರಾಡಿತು.

ಆಸ್ಪತ್ರೆಗೆ ತಪಾಸಣೆಯವರು ಬಂದ ದಿನ ನಾನು ರಸ್ತೆಯಾಚೆಯ ತೋಟದಲ್ಲಿ ಸಿಲ್ವರ್ ಓಕಿನ ತುದಿಯಲ್ಲಿದ್ದೆ. ಮರದ ಮೇಲಿರುವವನಿಗೆ ಊರಿನ ಎಷ್ಟೋ ಸಂಗತಿಗಳು ಮೇಲಿನಿಂದ ಕಾಣುತ್ತವೆ, ಕೇಳಿಸುವುದು ಕಡಿಮೆ. ಜಗುಲಿಯಲ್ಲಿ ಕುರ್ಚಿ ಹಾಕಿದ್ದರು. ಇಬ್ಬರು ಅಧಿಕಾರಿಗಳು ಆ ದೊಡ್ಡ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಹಾಳೆ ತಿರುವುತ್ತಿದ್ದರು. ಬಹಳ ಬೇಗ ಬೇಗ ತಿರುವುತ್ತಿದ್ದರು. ಓದಲು ಏನೂ ಇಲ್ಲದ ಪುಸ್ತಕವನ್ನು ಮಾತ್ರ ಹಾಗೆ ತಿರುವಲು ಬರುತ್ತದೆ. ಪಾಟೀಲರು ಪಕ್ಕದಲ್ಲಿ ನಿಂತು ಕೈಯಾಡಿಸಿ ಏನೋ ಹೇಳುತ್ತಿದ್ದರು; ಒಮ್ಮೆ ಕ್ವಾಟ್ರಸ್ಸಿನ ಕಡೆಗೆ, ಒಮ್ಮೆ ಊರಿನ ಕಡೆಗೆ ಬೆರಳು ತೋರಿಸಿದರು. ಅಧಿಕಾರಿಯೊಬ್ಬರು ಗುಡ್ಡಸಾಲಿನ ಕಡೆ ನೋಡಿ, "ಇಂಥಾ ಹವಾ ಇದ್ದಲ್ಲಿ ಕಾಯಿಲೆ ಎಲ್ಲಿಂದ ಬರಬೇಕು?" ಎಂದರಂತೆ, ಇದನ್ನು ಸಿಸ್ಟರ್ ಆಮೇಲೆ ಹೇಳಿದ್ದು. ನಾನು ಆಗ ಇಳಿದು ಹೋಗಿ, "ಸ್ವಾಮಿ, ನನ್ನ ಹೆಂಡತಿ ನಾಲ್ಕು ವರ್ಷದಿಂದ ಇವರ ಔಷಧದಲ್ಲಿ ಉಸಿರಾಡುತ್ತಿದ್ದಾಳೆ" ಎಂದು ಹೇಳಬಹುದಿತ್ತು. ಇಳಿಯಲು ಐದು ನಿಮಿಷ ಸಾಕು. ಅರ್ಧ ಕಡಿದ ಕೊಂಬೆಯನ್ನು ಬಿಟ್ಟು ಇಳಿಯಬಾರದೆಂಬುದು ನಮ್ಮ ಕಸುಬಿನ ನಿಯಮ. ಆ ನಿಯಮವನ್ನು ಅಂದು ನಾನು ಬಹಳ ನಿಷ್ಠೆಯಿಂದ ಪಾಲಿಸಿದೆ.

ಇನ್ನೂ ಎರಡು ವರ್ಷ ಹಾಗೂ ಹೀಗೂ ನಡೆಯಿತು. ಅಷ್ಟರಲ್ಲಿ ಕಾಫಿಗೆ ಹಿಂದೆಂದೂ ಕಾಣದ ರೇಟು ಬಂದಿತ್ತು. ಊರಿಗೆ ಊರೇ ಮನೆಗೆ ತಾರಸಿ ಹಾಕಿಸಿತು, ಜೀಪು ಕೊಂಡಿತು. ಜೀಪು ಕೊಂಡ ಮೇಲೆ ನೆಗಡಿಯಾದರೂ ಚಿಕ್ಕಮಗಳೂರಿನ ನರ್ಸಿಂಗ್ ಹೋಮಿಗೆ ಹೋಗುವುದೇ ಅಂತಸ್ತೆಂದಾಯಿತು. ಪಾಟೀಲರ ಸಂಜೆಯ ಜಗುಲಿಯೂ ಖಾಲಿಯಾಗತೊಡಗಿತು. ಕೊನೆಗೆ ಅವರನ್ನು ಜನ ಹೆಚ್ಚಿರುವ ಬೇರೊಂದು ಕೇಂದ್ರಕ್ಕೆ ವರ್ಗ ಮಾಡಿದರು. ಅವರ ಹುದ್ದೆಯೂ ಅವರ ಜೊತೆಗೇ ಹೋಯಿತು. ಇಲ್ಲಿಗೆ ವಾರಕ್ಕೊಮ್ಮೆ ಮಂಗಳವಾರ ಒಬ್ಬ ಡಾಕ್ಟರು ಬಂದುಹೋಗುವುದೆಂದು ಆದೇಶವಾಯಿತು. ಬೀಳ್ಕೊಡುಗೆಗೆ ಶಾಲೆಯ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಾರ, ಶಾಲು, ಹಣ್ಣಿನ ಬುಟ್ಟಿ, ಒಬ್ಬರಾದ ಮೇಲೆ ಒಬ್ಬರು ಎದ್ದು ಕಣ್ಣೊರೆಸಿಕೊಂಡು ಅವರನ್ನು ದೇವರೆಂದರು. ಪಾಟೀಲರು ಮಾತಾಡಲು ಎದ್ದು, ಸುತ್ತ ಒಮ್ಮೆ ನೋಡಿ, ನಕ್ಕು, "ಈ ಊರಾಗ ಇಷ್ಟ ಮಂದಿ ಅದೀರಿ ಅಂತ ನನಗ ಇವತ್ತ ಗೊತ್ತಾತ ನೋಡ್ರಿ," ಎಂದರು. ಎಲ್ಲರೂ ಗೊಳ್ಳೆಂದು ನಕ್ಕೆವು. ಸಿಸ್ಟರ್ ಫಿಲೋಮಿನ ಮಾತ್ರ ನಗಲಿಲ್ಲ.

ಸುಶೀಲಳ ಕಥೆಯನ್ನು ಉದ್ದ ಮಾಡುವುದಿಲ್ಲ. ಪಾಟೀಲರು ಹೋದ ಮಾರನೇ ಮಳೆಗಾಲ, ಒಂದು ಗುರುವಾರ ಮಧ್ಯಾಹ್ನ, ಸೀಟಿ ಏರುತ್ತಾ ಏರುತ್ತಾ ಹೋಗಿ ಅವಳ ಉಗುರು ನೀಲಿಯಾಯಿತು. ಕೂಗಳತೆಯ ಆಸ್ಪತ್ರೆಯಲ್ಲಿ ಸಿಸ್ಟರ್ ತನ್ನ ಕೈಲಾದದ್ದನ್ನು ಮಾಡಿ, "ಮೇಸ್ತ್ರಿಗಳೇ, ನಿಲ್ಲಬೇಡಿ, ಮೂಡಿಗೆರೆಗೆ ಕೊಂಡೋಗಿ," ಎಂದರು. ನನ್ನ ಸ್ನೇಹಿತ ಹಮೀದ್, ರಸ್ತೆಬದಿಯಲ್ಲಿ ಗ್ಯಾರೇಜು ಇಟ್ಟುಕೊಂಡವನು, ಯಾರದೋ ರಿಪೇರಿಗೆ ಬಂದ ಜೀಪನ್ನೇ ಎತ್ತಿಕೊಂಡು ಬಂದ. ಘಟ್ಟದ ಆ ತಿರುವುಗಳನ್ನು ನಾನು ಅಲ್ಲಿಯತನಕ ಎಣಿಸಿರಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ತಡಮಾಡಲಿಲ್ಲ. ನನ್ನ ಜಾತಿ, ಜೇಬು ಏನನ್ನೂ ಕೇಳದೆ ಒಳಗೆ ಮಲಗಿಸಿ ಮೂಗಿಗೆ ಗಾಳಿ ಕೊಟ್ಟರು. ಆಮೇಲೆ ಒಬ್ಬ ಎಳೆ ವಯಸ್ಸಿನ ಡಾಕ್ಟರಮ್ಮ ಹೊರಗೆ ಬಂದು ಕೇಳಿದರು:

"ಇವರಿಗೆ ಎಷ್ಟು ವರ್ಷದಿಂದ ಇದೆ?"

"ತುಂಬಾ ವರ್ಷ ಆಯ್ತು ಅಮ್ಮ. ಆರು ವರ್ಷದಿಂದ ಡಾಕ್ಟ್ರಿಗೆ ತೋರಿಸ್ತಿದ್ದೆವು."

"ಚೀಟಿ ಕೊಡಿ."

"ಚೀಟಿ ಇಲ್ಲ."

"ಒಂದೂ ಇಲ್ವಾ? ಸರಿ, ಯಾವ ಆಸ್ಪತ್ರೆ? ಪುಸ್ತಕದಲ್ಲಿ ಇರುತ್ತಲ್ಲ, ಫೋನ್ ಮಾಡಿ ಕೇಳ್ತೀನಿ."

"ಪುಸ್ತಕದಲ್ಲೂ ಇಲ್ಲ."

"ಏನೇನು ಕೊಡ್ತಿದ್ರು? ಯಾವುದಾದ್ರೂ ಇಂಜೆಕ್ಷನ್ ಆಗಲ್ಲ ಅಂತ ಹೇಳಿದ್ರಾ?"

ಒಂದು ಆಗುವುದಿಲ್ಲವೆಂದು ಪಾಟೀಲರು ಹೇಳಿದ್ದರು. ಒಂದು ಸಂಜೆ ಜಗುಲಿಯಲ್ಲಿ, "ಇದನ್ನ ಮಾತ್ರ ಯಾವಾಗೂ ಕೊಡಸಬ್ಯಾಡ್ರಿ" ಎಂದು ಹೆಸರು ಕೂಡ ಹೇಳಿದ್ದರು. ನನಗೆ ಆ ಸಂಜೆಯ ಬೆಳಕು ನೆನಪಿತ್ತು, ಅವರ ಬೆರಳು ಎತ್ತಿದ ರೀತಿ ನೆನಪಿತ್ತು, ಔಷಧದ ಹೆಸರು ಮಾತ್ರ ಬರಲಿಲ್ಲ. "ಬಿಳಿ ಮಾತ್ರೆ, ಆಮೇಲೆ ಅರ್ಧ ಹಳದಿ ಮಾತ್ರೆ," ಎಂದೆ. ಆ ಹುಡುಗಿ ನನ್ನ ಮುಖವನ್ನೇ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅವರು ಎಲ್ಲವನ್ನೂ ಮೊದಲಿನಿಂದ ಶುರುಮಾಡಿ, ಒಂದೊಂದನ್ನೂ ಸ್ವಲ್ಪ ಸ್ವಲ್ಪ ಕೊಟ್ಟು ನೋಡಿ, ಎಚ್ಚರದಿಂದ ಮುಂದುವರಿಯಬೇಕಾಯಿತು. ಮೂರನೇ ದಿನ ಬೆಳಿಗ್ಗೆ ಸುಶೀಲ ಹೋದಳು. "ಚೀಟಿ ಇದ್ದಿದ್ದರೆ ಉಳಿಯುತ್ತಿದ್ದಳಾ?" ಎಂದು ಕೇಳಿದೆ. "ಹಾಗೆ ಹೇಳೋಕಾಗಲ್ಲ. ಬಹಳ ತಡವಾಗಿತ್ತು," ಎಂದರು. ಆ ಮಾತನ್ನು ನಾನು ಎಷ್ಟೋ ವರ್ಷ ಹಿಂದೆ ಮುಂದೆ ತಿರುಗಿಸಿ ನೋಡಿದ್ದೇನೆ. ಅದರಲ್ಲಿ ನನಗೆ ಬಿಡುಗಡೆಯೂ ಇಲ್ಲ, ಶಿಕ್ಷೆಯೂ ಇಲ್ಲ.

ಆಮೇಲಿನ ಮನೆಯ ವಿಷಯ ಏನು ಹೇಳಲಿ? ಒಂಟಿತನವೆಂದರೆ ಮಾತಿಗೆ ಜನವಿಲ್ಲದಿರುವುದೆಂದು ತಿಳಿದಿದ್ದೆ. ನನಗೆ ಜನರಿದ್ದರು, ತೋಟದಲ್ಲಿ ಇಪ್ಪತ್ತು ಆಳು, ಗ್ಯಾರೇಜಿನಲ್ಲಿ ಹಮೀದನ ಹರಟೆ. ಆದರೆ ಮದುವೆಯಾದ ಲಾಗಾಯ್ತು ಮಳೆಗಾಲದಲ್ಲಿ ನಾನು ಆ ಸಣ್ಣ ಸೀಟಿಯನ್ನು ಕೇಳುತ್ತಾ ಮಲಗಿ ರೂಢಿಯಾದವನು. ಅದು ಇದೆಯೆಂದರೆ ಅವಳು ಇದ್ದಾಳೆ ಎಂದರ್ಥ. ಈಗ ಮನೆಯಲ್ಲಿ ಸದ್ದಿಲ್ಲ, ಆ ನಿಶ್ಶಬ್ದಕ್ಕೇ ಎಚ್ಚರವಾಗುತ್ತದೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಲು ಇದೇನು ಕಾಯಿಲೆಯೇ?

ಹೊಸ ಶತಮಾನ ಬಂದಾಗ ಕಾಫಿಯ ರೇಟು ಬಿದ್ದಿತ್ತು. ಜೀಪುಗಳು ಹಮೀದನ ಗ್ಯಾರೇಜಿನಲ್ಲಿ ಮಾರಾಟದ ಬೋರ್ಡು ಹೊತ್ತು ನಿಂತವು. ನರ್ಸಿಂಗ್ ಹೋಮಿನ ಮೆಟ್ಟಿಲು ಒಮ್ಮೆಲೇ ಎತ್ತರವಾಯಿತು. ಆಗ ಊರಿಗೆ ತನ್ನ ಆಸ್ಪತ್ರೆಯ ನೆನಪಾಯಿತು. ನೋಡಿದರೆ ಅಲ್ಲಿ ಸಿಸ್ಟರ್ ಇದ್ದಾರೆ, ಪುಸ್ತಕ ಇದೆ, ಮಂಗಳವಾರ ಬಿಟ್ಟರೆ ಡಾಕ್ಟರಿಲ್ಲ. "ಸರ್ಕಾರ ನಮ್ಮನ್ನು ಕೈಬಿಟ್ಟಿತು" ಎಂದು ಎಲ್ಲರೂ ಬೈದರು. ನಾನೂ ದನಿಗೂಡಿಸಿದೆ. ಬೈಯುವುದಕ್ಕೆ ಸಾಲಿನಲ್ಲಿ ನಿಲ್ಲಬೇಕಾಗಿಲ್ಲವಲ್ಲ.

ನನಗೆ ಕತ್ತಿ ಹಿಡಿಯಲು ಕಲಿಸಿದ ಮುದುಕ ಮೇಸ್ತ್ರಿ ಮೊದಲ ದಿನ ಹೇಳಿದ್ದೊಂದು ಮಾತಿದೆ: ಮರ ಹತ್ತಿದ ಮೇಲೆ ಕೊಂಬೆಯನ್ನು ನೋಡಬೇಡ, ಕೆಳಗಿನ ಗಿಡವನ್ನು ನೋಡು. ನೆರಳು ಮರ ಸ್ವತಃ ಕಾಫಿ ಬಿಡುವುದಿಲ್ಲ. ಲಾಭ ಎಲ್ಲಿ ಎಂದು ಕೇಳುವವನಿಗೆ ಅದು ದಂಡದ ಮರ. ರೇಟು ಬಿದ್ದ ವರ್ಷಗಳಲ್ಲಿ ಕೆಲವು ಧಣಿಗಳು ಹಾಗೆಂದುಕೊಂಡೇ ಮರಗಳನ್ನು ಕಡಿಸಿ ನಾಟಾಕ್ಕೆ, ಅಂದರೆ ದಿಮ್ಮಿಗೆ, ಮಾರಿದರು. ಮೊದಲನೇ ವರ್ಷ ಗಿಡ ಬೆಳಕು ಕುಡಿದು ಮೈದುಂಬಿ ಬಿಟ್ಟಿತು, "ನೋಡ್ದ್ಯಾ ಮಂಜಯ್ಯ!" ಎಂದರು. ಮೂರನೇ ಬೇಸಿಗೆಗೆ ಎಲೆ ಸುಟ್ಟು, ರೆಕ್ಕೆ ಎನ್ನುವ ಅಡ್ಡಕೊಂಬೆಗಳು ಒಣಗಿ, ಕಾಂಡಕೊರಕ ಹುಳು ನುಗ್ಗಿ, ತೋಟವೇ ಕೂತುಬಿಟ್ಟಿತು. ನೆರಳು ಮರ ಬೇಕೆಂದಾಗ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ, ಇಂದು ನೆಟ್ಟರೆ ಹತ್ತು ಹನ್ನೆರಡು ವರ್ಷಕ್ಕೆ ನೆರಳು. ಸರ್ಕಾರಿ ಆಸ್ಪತ್ರೆಯ ನಾಳೆಯನ್ನು ಕುರಿತು ಪೇಪರಿನಲ್ಲಿ ದೊಡ್ಡವರು ಬರೆಯುವುದನ್ನು ನಾನೂ ಅಕ್ಷರ ಕೂಡಿಸಿ ಓದುತ್ತೇನೆ. ಸರ್ಕಾರವೇ ಎಲ್ಲ ನಡೆಸಲಾರದು, ಕಾಸಿದ್ದವನು ಕಾಸು ಕೊಟ್ಟು ಕೊಳ್ಳಲಿ, ಇಲ್ಲದವನಿಗೆ ಮಾತ್ರ ಧರ್ಮಕ್ಕೆ ಕೊಟ್ಟರಾಯಿತು ಎನ್ನುತ್ತಾರೆ. ಅವರ ಕೈಯಲ್ಲಿ ಕತ್ತಿಯಿದೆ, ಕೊಂಬೆ ಕಾಣುತ್ತಿದೆ. ಕಾಸಿದ್ದವರೆಲ್ಲ ಎದ್ದುಹೋದ ಆಸ್ಪತ್ರೆ ಏನಾಗುತ್ತದೆಂದು ನಮ್ಮ ಊರಿಗೆ ಬಂದು ನೋಡಲಿ. ಅದರ ಪರವಾಗಿ ಕೇಳುವ ಗಂಟಲಿರುವುದಿಲ್ಲ, ಅದರ ಪುಸ್ತಕದಲ್ಲಿ ಹೆಸರಿರುವುದಿಲ್ಲ.

ಇಷ್ಟಕ್ಕೂ ಧರ್ಮ ಎಲ್ಲಿಂದ ಬಂತು? ನಾನು ಕೊಳ್ಳುವ ಬೆಂಕಿಪೊಟ್ಟಣದಲ್ಲಿ, ಸೋಪಿನಲ್ಲಿ, ಹಮೀದ್ ಸುಡುವ ಡೀಸೆಲ್‌ನಲ್ಲಿ ಸರ್ಕಾರ ತನ್ನ ಪಾಲನ್ನು ಮೊದಲೇ ಎತ್ತಿಕೊಂಡಿರುತ್ತದೆ. ಲೈನ್‌ಮನೆಯ ರತ್ನ, ನನ್ನ ಆಳುಗಳಲ್ಲೊಬ್ಬಳು, ಅವಳೂ ಎಲೆಅಡಿಕೆಗೆ ಸುಣ್ಣ ಬಿಟ್ಟು ಉಳಿದದ್ದಕ್ಕೆಲ್ಲ ತೆರಿಗೆ ಕೊಟ್ಟವಳೇ. ಆ ಕೆಂಪು ನೀರಿನ ದುಡ್ಡನ್ನು ಅವ್ವ ಮೊದಲೇ ಕೊಟ್ಟಿದ್ದಳು. ಅದನ್ನು ಅವಳಿಗೆ ಯಾರೂ ಹೇಳಲಿಲ್ಲ, ಅವಳು ಸೆರಗಿನಲ್ಲಿ ಮುಚ್ಚಿಕೊಂಡಳು. ನಾನೋ, ಮುಚ್ಚಿಕೊಳ್ಳುವುದನ್ನೇ ಮಾನವೆಂದು ಕಲಿತೆ.

ಈ ವರ್ಷ ಮಳೆ ಹಿಡಿಯುವ ಮೊದಲು ಶಾಲೆಯ ಹಾಲಿನಲ್ಲಿ ಮತ್ತೊಂದು ಸಭೆಯಾಯಿತು. ಬಂದ ಅಧಿಕಾರಿ ಮುಚ್ಚುಮರೆಯಿಲ್ಲದೆ ಹೇಳಿದರು: ಈ ಮಳೆಗಾಲ ಪೂರ್ತಿ ಪುಸ್ತಕ ನೋಡುತ್ತೇವೆ. ಜನ ಬರುತ್ತಾರೆಂದು ಕಂಡರೆ ಪೂರ್ತಿ ಹೊತ್ತಿನ ಡಾಕ್ಟರನ್ನು ಕೇಳಿ ಮೇಲಕ್ಕೆ ಬರೆಯುತ್ತೇವೆ. ಇಲ್ಲವಾದರೆ ಕೇಂದ್ರವನ್ನು ಪಕ್ಕದ ಊರಿನದಕ್ಕೆ ಸೇರಿಸಿ, ಇಲ್ಲಿಗೆ ವಾರಕ್ಕೊಂದು ವ್ಯಾನು ಕಳಿಸುವ ಕೆಲಸವನ್ನು ಖಾಸಗಿಯವರಿಗೆ ಒಪ್ಪಿಸುತ್ತೇವೆ. ವ್ಯಾನು ಎಂದೊಡನೆ ಹಾಲಿನ ಹಿಂದಿನ ಸಾಲಿನಲ್ಲಿ ನಾಲ್ಕು ಜನ ಚಪ್ಪಾಳೆ ತಟ್ಟಿದರು. ಉಬ್ಬಸ ಮಂಗಳವಾರವನ್ನು ನೋಡಿಕೊಂಡು ಬರುತ್ತದೆಯೇ ಎಂದು ಎದ್ದು ಕೇಳಬೇಕೆನಿಸಿತು. ಕೂತೇ ಇದ್ದೆ.

ಆದರೆ ಮರುದಿನದಿಂದ ಸುಮ್ಮನಿರಲಿಲ್ಲ. ಕೆಲಸ ಬಿಟ್ಟ ಮೇಲೆ ಮನೆಮನೆಗೆ ಹೋದೆ. ಸುಳ್ಳು ಕಾಯಿಲೆ ಬರೆಸಬೇಡಿ, ಇರುವ ಕಾಯಿಲೆಯನ್ನು ಇರುವ ಆಸ್ಪತ್ರೆಯಲ್ಲಿ ಬರೆಸಿ. ಸಿಸ್ಟರ್ ಬೀಪಿ ನೋಡುತ್ತಾರೆ, ಗಾಯಕ್ಕೆ ಕಟ್ಟು ಹಾಕುತ್ತಾರೆ, ಮಂಗಳವಾರ ಡಾಕ್ಟರಿದ್ದಾರೆ. ಚೀಟಿಯನ್ನು ಜೋಪಾನವಾಗಿಡಿ ಎಂದೆ. ಸುಶೀಲಳ ಹೆಸರನ್ನೂ ಬಳಸಿದೆ. ಬಳಸುವಾಗ ನಾಲಿಗೆ ತಡವರಿಸಿತು. ಹೆಂಗಸರು ಬೇಗ ಒಪ್ಪಿದರು. ಲೈನ್‌ಮನೆಯವರಿಗೆ ಅರ್ಧ ದಿನದ ಕೂಲಿ ಹೋಗದ ಹಾಗೆ ಬೆಳಗಿನ ಹಾಜರಿಯನ್ನು ಹಿಂದೆ ಮುಂದೆ ಮಾಡಲು ಧಣಿಯನ್ನು ಒಪ್ಪಿಸಿದೆ. ಮೀಸೆಯವರದೇ ಕಷ್ಟ. ಅವರು "ಹೋಗುವಾ, ಹೋಗುವಾ" ಎನ್ನುತ್ತಿದ್ದರು, ಮಂಗಳವಾರದ ಡಾಕ್ಟರು ಹೋಟೆಲಿಗೆ ಚಾ ಕುಡಿಯಲು ಬಂದಾಗ ಅಲ್ಲೇ ಬೆಂಚಿನ ಮೇಲೆ ನಾಲಿಗೆ ಚಾಚಿ ತೋರಿಸುತ್ತಿದ್ದರು.

ಹಮೀದನಿಗೆ ಸಕ್ಕರೆ ಕಾಯಿಲೆ. ಅವನನ್ನು ಬಿಡದೆ ಕಾಡಿದೆ.

"ನಿಂಗೆ ಬೇರೆ ಕೆಲ್ಸ ಇಲ್ವಾ ಮಾರಾಯ?" ಎಂದ ಅವನು, ಜೀಪಿನ ಅಡಿಯಲ್ಲಿ ಮಲಗಿಕೊಂಡೇ. "ಎಲೆಕ್ಷನ್‌ಗೆ ನಿಂತಿದ್ದೀಯಾ?"

"ಹೆಸ್ರು ಬರೆಸಿದ್ರೆ ನಿನ್ನ ಗಂಟೆಂತ ಹೋಗ್ತದೆ?"

"ಗಂಟಲ್ಲ ಮಾರಾಯ, ಮರ್ಯಾದೆ. ಸಕ್ಕರೆ ಅಂತ ಅಲ್ಲಿ ಕೂಗಿ ಹೇಳಿದ್ರೆ ಸಂಜೆಯೊಳಗೆ ಬಣಕಲ್‌ವರೆಗೆ ಗೊತ್ತಾಗ್ತದೆ. ನಾಳೆಯಿಂದ ಯಾರ ಮನೇಲೂ ನಂಗೆ ಪಾಯಸ ಹಾಕಲ್ಲ."

"ಹಾಕದಿದ್ರೆ ಬದುಕ್ತೀಯ."

ಜೀಪಿನ ಅಡಿಯಿಂದ ಹೊರಗೆ ಬಂದು ಸ್ಪ್ಯಾನರನ್ನು ಕೆಳಗಿಟ್ಟ. ಸುಶೀಲಳನ್ನು ಒಯ್ದ ಆ ಗುರುವಾರ ಜೀಪು ಓಡಿಸಿದವನು ಅವನೇ ಅಲ್ಲವೇ. ವಾರ ಕಳೆಯುವುದರೊಳಗೆ ಹೋಗಿ ಬರೆಸಿ ಬಂದ. ಬಂದವನು ನನ್ನ ಮುಖಕ್ಕೆ ಚೀಟಿ ಹಿಡಿದು, "ತಗೋ, ಫ್ರೇಮ್ ಹಾಕ್ಸು," ಎಂದ.

ಹೀಗೆ ಮಳೆಗಾಲ ಕಳೆಯಿತು. ಮಳೆ ಇಳಿಮುಖವಾಗಿ, ನಾಳೆ ಪುಸ್ತಕವನ್ನು ಒಯ್ಯಲು ಜನ ಬರುತ್ತಾರೆನ್ನುವ ದಿನ ಸಂಜೆ, ನಾನು ಆಸ್ಪತ್ರೆಯ ಜಗುಲಿಯಲ್ಲಿ ಕೂತು ಸಿಸ್ಟರ್ ಜೊತೆ ಹಾಳೆಗಳನ್ನು ತಿರುವಿದೆ. ಪುಸ್ತಕ ತುಂಬಿರಲಿಲ್ಲ, ನಿಮಗೆ ಸುಳ್ಳು ಹೇಳಲಾರೆ. ಹಿಂದೆ ಬೋಳು ಬೋಳಾಗಿದ್ದ ಕಡೆ ಈಗ ಅಲ್ಲಲ್ಲಿ ಚಿಗುರು ಹೊಡೆದ ಹಾಗೆ ಸಾಲುಗಳಿದ್ದವು, ಅಷ್ಟೆ. ಆದರೂ ಬೆರಳಿಟ್ಟು ಒಂದೊಂದೇ ಹೆಸರು ಓದುವಾಗ ನನಗೆ ಹೆಮ್ಮೆಯಾಯಿತು. ಇವರಲ್ಲಿ ಎಷ್ಟೋ ಜನ ನಾನು ಹೇಳಿ ಬಂದವರು.

ಸಿಸ್ಟರ್ ಕನ್ನಡಕ ಕಳಚಿ ಸೆರಗಿನಲ್ಲಿ ಒರೆಸುತ್ತಾ ಕೇಳಿದರು: "ಎಲ್ಲರದ್ದೂ ಬರ್ಸಿದ್ರಿ ಮೇಸ್ತ್ರಿಗಳೇ. ನಿಮ್ಮದೆಲ್ಲುಂಟು?"

"ನನಗೆಂತ ಆಗಿದೆ ಸಿಸ್ಟರ್? ಗಟ್ಟಿ ಇದ್ದೇನೆ."

ಅವರು ಕನ್ನಡಕ ಹಾಕಿಕೊಂಡು ನನ್ನ ಕಣ್ಣಿನ ಕೆಳಗನ್ನು ನೋಡಿದರು. ಪುಸ್ತಕ ಮುಚ್ಚಿದರು.

ಮರುದಿನ ಒಂಬತ್ತಕ್ಕೆ ಹೋದೆ. ಜಗುಲಿಯಲ್ಲಿ ಏಳೆಂಟು ಜನ. ನನ್ನನ್ನು ಕಂಡೊಡನೆ ಸಾಲು ತನ್ನಷ್ಟಕ್ಕೆ ಇಬ್ಭಾಗವಾಗಿ ದಾರಿ ಬಿಟ್ಟಿತು. "ಮುಂದೆ ಬನ್ನಿ ಮೇಸ್ತ್ರಿಗಳೇ, ನಮ್ದೆಂತ ಅರ್ಜೆಂಟಿಲ್ಲ," ಎಂದಳು ರತ್ನ. ಇಷ್ಟು ವರ್ಷ ನನ್ನ ಬಾಯಲ್ಲಿ ತನ್ನ ಹೆಸರು ಕೇಳಿ "ಬಂದೆ" ಎಂದವಳು. "ಬೇಡ, ನೀನು ನಿಂತ್ಕೋ," ಎಂದು ಕೊನೆಗೆ ಹೋಗಿ ನಿಂತೆ. ನನ್ನ ಹಿಂದೆ ಇನ್ನೂ ಇಬ್ಬರು ಬಂದು ಸೇರಿದರು. ಶೀಟಿನ ಮೇಲೆ ಮಳೆ ಮತ್ತೆ ಬಿರುಸಾಯಿತು. ಅರವತ್ತು ಅಡಿಯ ಮರದ ತುದಿಯಲ್ಲಿ ಗಾಳಿಗೆ ತೂಗಾಡುತ್ತಾ ಕತ್ತಿ ಬೀಸುವ ನಾನು ಆ ಒಂದು ಮೆಟ್ಟಿಲೆತ್ತರದ ಜಗುಲಿಯಲ್ಲಿ ಕಂಬ ಹಿಡಿದು ನಿಂತೆ. ಈ ಒಂದು ಸಾಲಿನಿಂದ ಆಸ್ಪತ್ರೆ ಉಳಿಯುತ್ತದೆಂದು ನಾನೇನೂ ನಂಬಿರಲಿಲ್ಲ. ಇದನ್ನು ಬರೆಯುವ ಹೊತ್ತಿಗೂ ಮೇಲಿನವರ ತೀರ್ಮಾನ ಬಂದಿಲ್ಲ. ಆದರೆ ಆ ಬೆಳಿಗ್ಗೆ ನಾನು ಯೋಚಿಸುತ್ತಿದ್ದುದು ಆಸ್ಪತ್ರೆಯನ್ನೂ ಅಲ್ಲ. ಸುಶೀಲ ಒಮ್ಮೆಯಾದರೂ ಇಲ್ಲಿ ನಿಲ್ಲಬಹುದಿತ್ತು, ನಿಲ್ಲಲು ತಾನೇ ತಯಾರಿದ್ದಳು ಎಂದು ಯೋಚಿಸುತ್ತಿದ್ದೆ.

ಕಿಟಕಿಯ ಮುಂದೆ ಬಂದೆ. ಹದಿಮೂರು ವರ್ಷದಿಂದ ಬಲ್ಲ ಸಿಸ್ಟರ್ ತಲೆಯೆತ್ತದೆ ಕೇಳಿದರು.

"ಹೆಸರು?"

"ಮಂಜಯ್ಯ."

"ತಂದೆ ಹೆಸರು?"

"ದುಗ್ಗಪ್ಪ."

ವಯಸ್ಸು ಹೇಳಿದೆ, ಊರು ಹೇಳಿದೆ.

"ತೊಂದರೆ ಎಂತ?"

ಮಂಡಿನೋವು ಎನ್ನಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಅದು ಸುಳ್ಳಲ್ಲ, ಗಂಡಸಿಗೆ ಒಪ್ಪುವ ಕಾಯಿಲೆ. ಬಾಯಿ ತೆರೆದಾಗ ಬಂದದ್ದು ಬೇರೆ.

"ನಿದ್ದೆ ಬರಲ್ಲ."

"ಎಂತ? ಈ ಮಳೆಗೆ ಕೇಳ್ಲಿಕ್ಕಿಲ್ಲ. ಜೋರಾಗಿ ಹೇಳಿ."

ನನ್ನ ಹಿಂದೆ ಜನರಿದ್ದರು. ಚೀಟಿ ಹಿಡಿ‍ದು ಗೋಡೆಗೊರಗಿದ್ದ ರತ್ನ ನನ್ನನ್ನೇ ನೋಡುತ್ತಿದ್ದಳು. ಹಾಜರಿ ಕೂಗುವ ಗಂಟಲನ್ನೇ ತೆಗೆದು ಹೇಳಿದೆ:

"ನಿದ್ದೆ ಬರಲ್ಲ ಸಿಸ್ಟರ್. ಸುಶೀಲ ಹೋದಾಗಿಂದ."

ಜಗುಲಿಯಲ್ಲಿ ಯಾರೂ ನಗಲಿಲ್ಲ, ಯಾರೂ ಅಯ್ಯೋ ಎನ್ನಲೂ ಇಲ್ಲ. ಸಿಸ್ಟರ್ ಬರೆಯುತ್ತಿದ್ದರು. ಬರೆದು ಮುಗಿಸಿ, ಪೆನ್ನು ಎತ್ತದೆ ಕೇಳಿದರು.

"ಎಷ್ಟು ವರ್ಷ ಆಯ್ತು?"

"ಆರು."

ಅದನ್ನೂ ಬರೆದುಕೊಂಡರು.